ಬ್ರೆಂಡೆಕೆಯ ಸುಕ್ಕುಗಳು

ಎಲ್ಬೆ ನದಿಯ ದಂಡೆಯ ನಮ್ಮೂರ ಒಪೆರಾದಲ್ಲಿ ಹಾಡಿ ನಟಿಸುವ ಓಟೊಕಾರ್ ಬ್ರೆಂಡೆಕೆ ಇಪ್ಪತ್ನಾಲ್ಕನೆಯ ವಯಸ್ಸಿಗೇ ಮುದುಕನಾದವನು. ಮಂದ್ರದ ಗಂಟಲಿಗೆ ಪ್ರೇಮಿಯ ಪಾತ್ರ ಯಾರು ಕೊಡುತ್ತಾರೆ? ತನಗಿಂತ ಹತ್ತು ವರ್ಷ ದೊಡ್ಡವಳಾದ ನಾಯಕಿಗೆ ಅಪ್ಪನಾದ; ಆಮೇಲೆ ರಾಜ, ಪುರೋಹಿತ, ಪ್ರೇತ, ಸೈತಾನ. ಜೂನ್ ತಿಂಗಳಲ್ಲೂ ಕೊರಳಿಗೆ ಉಣ್ಣೆಯ ಮಫ್ಲರ್ ಬಿಗಿದುಕೊಂಡು, ಕಿಟಕಿ ತೆರೆದವರನ್ನು ಕೊಲೆಗಾರರಂತೆ ನೋಡುತ್ತಾನೆ. ಬೇಕರಿಯಲ್ಲಿ "ಎರಡು ಬನ್ನು ಕೊಡಮ್ಮ" ಎಂದರೆ ಗಾಜಿನ ಕಪಾಟು ಗಡಗಡ ನಡುಗುತ್ತದೆ. ಮೊದಲ ಅಂಕದಲ್ಲೇ ಸಾಯುವ ಪಾತ್ರವಿದ್ದ ದಿನ ಎದೆಯ ಮೇಲಿನ ರಕ್ತದ ಬಣ್ಣದೊಂದಿಗೇ ಕ್ಯಾಂಟೀನಿಗೆ ಹೋಗಿ, ಸಾಸೇಜು ತಿಂದು, ಇಸ್ಪೀಟಾಡುತ್ತಾ ಕೂತಿದ್ದು, ಕೊನೆಯ ಚಪ್ಪಾಳೆಗೆ ಬಾಯೊರೆಸಿಕೊಂಡು ಓಡುತ್ತಾನೆ. "ಆ ಪ್ರೇಮಿಗಳು ಮೂರು ಗಂಟೆ ಅರಚಿ ಸಾಯ್ತಾರೆ, ನಾನು ಬೇಗ ಸತ್ತು ಊಟ ಮಾಡ್ತೀನಿ" ಅನ್ನುವುದು ಅವನ ಹೆಮ್ಮೆ. ಮೂವತ್ತೈದು ವರ್ಷದಿಂದ ಅವನ ಮುಖಕ್ಕೆ ಸುಕ್ಕು ಬರೆಯುತ್ತಿರುವವಳು ಬಣ್ಣದ ಕೋಣೆಯ ರೋಸ್ವಿತಾ. ಈ ಚಳಿಗಾಲದ ಮೊದಲ ಪ್ರದರ್ಶನದ ದಿನ ಆಕೆ ಅವನ ಗಲ್ಲ ಹಿಡಿದು ದೀಪಕ್ಕೆ ತಿರುಗಿಸಿ ನೋಡಿ, ಪೆನ್ಸಿಲ್ ಕೆಳಗಿಟ್ಟಳು. "ಇನ್ನು ನನಗೇನೂ ಕೆಲಸ ಉಳಿದಿಲ್ಲ ಕಣಯ್ಯಾ, ಎಲ್ಲಾ ತಾನೇ ಬಂದುಬಿಟ್ಟಿದೆ." ಬ್ರೆಂಡೆಕೆ ತುಸು ಹೊತ್ತು ಕನ್ನಡಿ ನೋಡಿಕೊಂಡ. ಆಮೇಲೆ, ಯಾವ ಗಾಜೂ ಅಲುಗದಷ್ಟು ಮೆಲ್ಲಗೆ ಹೇಳಿದ: "ಎರಡು ಗೆರೆ ಎಳೆದುಬಿಡೇ ಮಾರಾಯ್ತಿ. ಆಟ ಮುಗಿದ್ಮೇಲೆ ತೊಳ್ಕೊಳ್ಳೋಕೆ ಏನಾದ್ರೂ ಬೇಕಲ್ಲ."