ಇನ್ನೂರು ರೊಟ್ಟಿಯ ಪೋರ್ಚುಗಲ್

ಒಂದು ಕನ್ಫೆಶನ್ನಿನಿಂದ ಶುರು ಮಾಡುತ್ತೇನೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು, ಆ ಚಟ ಇನ್ನೂ ಹೋಗಿಲ್ಲ. ನನ್ನ ಹತ್ತಿರ ಈಗ ಇರುವುದು ನಾಲ್ಕನೆಯ ಪಾಸ್‌ಪೋರ್ಟ್. ಮೊದಲ ಮೂರೂ ಒಂದೇ ಒಂದು ಠಸ್ಸೆ ಬೀಳದೆ, ನನ್ನ ಹಾಗೆಯೇ ಮದುವೆಯಾಗದೆ, ವಯಸ್ಸು ಮುಗಿಸಿದವು. ನನಗೆ ನಲವತ್ತೊಂದಾಗಿದ್ದಾಗ ಆಫೀಸಿನವರು ಸಾಹೇಬರ ಸೆಕ್ರೆಟರಿಯೆಂದು ಲಂಡನ್ನಿಗೆ ಕಳಿಸುತ್ತೇವೆ ಅಂದರು ಅಂತ ಮೊದಲನೆಯದನ್ನು ಮಾಡಿಸಿದ್ದು. ಕಡೆಗೆ ಸಾಹೇಬರ ಜೊತೆ ಸಾಹೇಬರ ಹೆಂಡತಿ ಹೋದರು. ಸೆಕ್ರೆಟರಿಗಿಂತ ಅದೇ ಸರಿ ಅಂತ ಎಲ್ಲರಿಗೂ ಅನಿಸಿತು, ಸಾಹೇಬರೊಬ್ಬರನ್ನು ಬಿಟ್ಟು. ನಾನು ಮಾತ್ರ ಹತ್ತು ವರ್ಷಕ್ಕೊಮ್ಮೆ ತಪ್ಪದೆ ರಿನ್ಯೂ ಮಾಡಿಸುತ್ತ ಬಂದೆ. ಪುಣೆ ಎಂದರೆ ನನಗೊಂದು ವೇಟಿಂಗ್ ರೂಮು. ಐವತ್ತು ವರ್ಷದಿಂದ ಕೂತಿದ್ದೇನೆ. ನನ್ನ ಟ್ರೇನ್ ಯಾವುದು ಎಂದು ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ. ಲೇಡೀಸ್ ಹಾಗೆಲ್ಲ ಕೇಳಬಾರದು ಅಂತ ಸಿಸ್ಟರ್ ಫಿಲೋಮಿನಾ ಹೇಳಿಕೊಟ್ಟಿದ್ದರು.

ನನ್ನ ತಮ್ಮ ವಸಂತನಿಗೆ ಇಂಥ ಸಂಕೋಚಗಳಿಲ್ಲ. ಅವನು ಇಪ್ಪತ್ತೈದು ವರ್ಷ ಪುಣೆಯ ಹತ್ತಿರದ ರಾಂಜಣಗಾಂವದ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವನು. ಬಂದ ಮಾಲನ್ನು ಅಳೆದು, ಸರಿ ಇದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವುದು ಅವನ ಕೆಲಸ. ರಿಟೈರ್ ಆದಮೇಲೆ ಮಾಲು ಬರುವುದು ನಿಂತಿತು, ಚೀಟಿ ಅಂಟಿಸುವ ಕೈ ನಿಲ್ಲಲಿಲ್ಲ. ಬದನೆಕಾಯಿ, ಪುರೋಹಿತರ ಉಚ್ಚಾರ, ಪಕ್ಕದ ಮನೆಯವರ ಹೊಸ ಅಳಿಯ, ಎಲ್ಲಕ್ಕೂ ಕೆಂಪು. ಹೋದ ವರ್ಷ ಒಂದು ಬೆಳಗ್ಗೆ ಚಹಾ ಕುಡಿಯುತ್ತ ಹೇಳಿದ:

“ಅಕ್ಕಾ, ಈ ದೇಶ ರಿಜೆಕ್ಟ್.”

“ಇಡೀ ದೇಶನೋ, ಬರೇ ಪುಣೇನೋ?” ಅಂದೆ.

“ಇಡೀ ಲಾಟು.”

ಕಾರಣ ಇತ್ತು. ಕಾತ್ರಜದಲ್ಲಿರುವ ನಮ್ಮ ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವುದೆಂದು ಸೊಸೈಟಿಯವರು ತೀರ್ಮಾನಿಸಿದ್ದರು. ಪ್ರತಿಯೊಂದು ಮನೆಗೂ ಒಂದೊಂದು ಫಾರ್ಮು ಬಂದಿತ್ತು. ಅದರಲ್ಲಿ ಎರಡು ಚೌಕ: ಹೊಸ ಫ್ಲ್ಯಾಟು ಬೇಕು ಅಂದರೆ ಮೊದಲನೆಯದರಲ್ಲಿ ಗುರುತು ಹಾಕಿ, ಕಟ್ಟಡ ಏಳುವ ತನಕ ಬೇರೆ ಎಲ್ಲಾದರೂ ಇದ್ದು ಬರಬೇಕು. ಬೇಡ ಅಂದರೆ ಎರಡನೆಯದರಲ್ಲಿ ಗುರುತು ಹಾಕಿ, ಮನೆ ಬಿಲ್ಡರನಿಗೆ ಮಾರಿ ಶಾಶ್ವತವಾಗಿ ಜಾಗ ಖಾಲಿ ಮಾಡಬೇಕು. ಮನೆ ವಸಂತನ ಮತ್ತು ನನ್ನ ಹೆಸರಿನಲ್ಲಿದೆ, ಸಹಿ ಇಬ್ಬರದೂ ಬೇಕು. ಚೇರ್ಮನ್ ಸಾಹೇಬರು ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ “ಕಾಕೂ, ಫಾರ್ಮ್ ಕುಠೇ ಆಹೇ?” ಅಂತ ಫಾರ್ಮು ಎಲ್ಲಿದೆಯೆಂದು ಮರಾಠಿಯಲ್ಲಿ ಕೇಳುತ್ತಿದ್ದರು, ನಾನು ಅದನ್ನು ತಿಂದುಬಿಟ್ಟಿರಬಹುದು ಎಂಬ ಗುಮಾನಿಯಲ್ಲಿ.

ಈ ಮನೆಯ ಚರಿತ್ರೆ ಇಲ್ಲಿ ಹೇಳಬೇಕು. ನಮ್ಮಪ್ಪ ಬೆಳಗಾವಿಯಿಂದ ಪುಣೆಗೆ ಬಂದಾಗ ಅವರಿಗೆ ನಲವತ್ತನಾಲ್ಕು. “ಆರ ತಿಂಗಳ ನೋಡೂಣು, ಸರಿ ಬರಲಿಲ್ಲಂದ್ರ ವಾಪಸ್” ಅಂದಿದ್ದರು. ಊರ ಹೊರಗೆ ಕಾತ್ರಜದಲ್ಲೇ ಮನೆ ಮಾಡಿದ್ದಕ್ಕೆ ಅವರ ಕಾರಣ, ಬೆಳಗಾವಿಯ ಬಸ್ಸು ಅಲ್ಲೇ ನಿಲ್ಲುತ್ತದೆ ಎಂಬುದು. ಒಂದು ಟ್ರಂಕನ್ನು ಕಡೆಯವರೆಗೂ ಬಿಚ್ಚಲೇ ಇಲ್ಲ. ಎಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಾಗಲೂ ಪುಣೆಯ ವಿಷಯದಲ್ಲಿ ಅವರ ತೀರ್ಪು ಹೊರಬಿದ್ದಿರಲಿಲ್ಲ. ಮೂವತ್ತಾರು ವರ್ಷ ನೋಡುತ್ತಲೇ ಇದ್ದರು.

ವಸಂತ ಆರಿಸಿದ ದೇಶ ಪೋರ್ಚುಗಲ್. ಪಿಂಚಣಿ ತೋರಿಸಿದರೆ ಮುದುಕರನ್ನೂ ಒಳಗೆ ಬಿಡುತ್ತಾರೆ ಅಂತ ಅವನ ಬೆಳಗಿನ ವಾಕಿಂಗ್ ಗೆಳೆಯರೊಬ್ಬರು ಹೇಳಿದ್ದರು. ವಾಕಿಂಗ್ ಟ್ರ್ಯಾಕಿನಲ್ಲಿ ಸಿಗದ ಜ್ಞಾನ ಪುಣೆಯ ಯಾವ ಕಾಲೇಜಿನಲ್ಲೂ ಸಿಗುವುದಿಲ್ಲ. ನೇರವಾಗಿ ಎರಡನೆಯ ಚೌಕಕ್ಕೆ ಗುರುತು ಹಾಕಲು ಹೊರಟವನನ್ನು ತಡೆದವಳು ಅವನ ಹೆಂಡತಿ ಸುನಂದಾ.

“ಹಂಗ ಹೋಗಿ ನಿಂದ್ರೂದೇನು? ಮೊದಲ ಒಮ್ಮೆ ನೋಡ್ಕೊಂಡ ಬರೂಣು. ನಿಮ್ಮನ್ನ ನೋಡಲಾರದ ಮದುವಿ ಆದೆ, ಅದೊಂದ ಸಾಕು.”

ಹೀಗೆ ಇಪ್ಪತ್ತೈದು ದಿನದ ಪರೀಕ್ಷಾ ಪ್ರವಾಸ ನಿಶ್ಚಯವಾಯಿತು. ನನ್ನನ್ನು ಕರೆದುಕೊಂಡದ್ದು ನನ್ನ ಇಂಗ್ಲಿಷಿಗಾಗಿ. ಅಲ್ಲಿ ನೆಲೆಸಲು ನನಗೆ ಇಷ್ಟವೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಗೋಡೆ ಗಡಿಯಾರವನ್ನು ಯಾರಾದರೂ ಕೇಳುತ್ತಾರೆಯೇ? ಮನೆ ಎಲ್ಲಿಗೆ ಹೋದರೂ ಅದು ಜೊತೆಗೆ ಬರುತ್ತದೆ. ನಾನೂ ಎರಡು ದಿನ ಮುಖ ಗಂಟು ಹಾಕಿಕೊಂಡು, ಒಲ್ಲದ ಮನಸ್ಸಿನಿಂದ ಒಪ್ಪಿದವಳ ಹಾಗೆ ನಟಿಸಿದೆ. ಒಳಗೆ ಎದೆ ಹೇಗೆ ಹಾರುತ್ತಿತ್ತೆಂದರೆ, ಬಿ.ಪಿ. ಮಾತ್ರೆ ಒಂದು ಹೆಚ್ಚು ತೆಗೆದುಕೊಳ್ಳಬೇಕಾಯಿತು.

ಸುನಂದಾ ತಯಾರಿ ಶುರು ಮಾಡಿದಳು. ತಯಾರಿ ಅಂದರೆ ಜೋಳದ ಕಡಕ್ ರೊಟ್ಟಿ, ಇನ್ನೂರು. ತಿಂಗಳುಗಟ್ಟಲೆ ಕೆಡುವುದಿಲ್ಲ, ಬಿದ್ದರೆ ಮಾತ್ರ ಗಾಜಿನ ಹಾಗೆ ಚೂರು. ಜೊತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಮೆಂತ್ಯದ ಹಿಟ್ಟು. ಪುಣೆಯ ವಿಮಾನ ನಗರ ಬಡಾವಣೆಯ ಹೆಸರಿನಲ್ಲಲ್ಲದೆ ವಿಮಾನವನ್ನೇ ಕಾಣದ ಆ ರೊಟ್ಟಿಗಳು ಸೀರೆಯಲ್ಲಿ ಸುತ್ತಿಕೊಂಡು ನನ್ನ ತೊಡೆಯ ಮೇಲೆ ಕೂತು ಸಮುದ್ರ ದಾಟಿದವು. ಏರ್‌ಪೋರ್ಟಿನ ಯಂತ್ರದಲ್ಲಿ ಅವನ್ನು ನೋಡಿದ ಅಧಿಕಾರಿ, ಇಷ್ಟು ಗ್ರಾಮಫೋನ್ ಪ್ಲೇಟು ಏಕೆ ಎಂಬಂತೆ ನನ್ನ ಮುಖ ನೋಡಿದ.

ಪೋರ್ಟೊ ಊರಿನಲ್ಲಿ ಮೂರನೆಯ ಮಹಡಿಯ ಮನೆ. ಲಿಫ್ಟ್ ಇಲ್ಲ. ಕೆಳಗೆ ಒಂದು ಬೇಕರಿ. ಎದುರು ಮನೆಯ ಕಿಟಕಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೊಣಕೈ ಊರಿ ಕೂತಿರುವ ನನ್ನ ವಯಸ್ಸಿನ ಒಬ್ಬ ಹೆಂಗಸು. ಎಲ್ಲರೂ ಅವಳನ್ನು ದೋನಾ ಲುರ್ದೆಸ್ ಅನ್ನುತ್ತಿದ್ದರು.

ನನ್ನ ಇಂಗ್ಲಿಷ್ ಮೊದಲ ದಿನವೇ ಸತ್ತಿತು. ಆ ಬೀದಿಯಲ್ಲಿ ಅದು ಯಾರಿಗೂ ಬೇಕಿರಲಿಲ್ಲ. “ವುಡ್ ಯೂ ಬಿ ಸೋ ಕೈಂಡ್” ಅಂತ ನಾನು ಆರಂಭಿಸುವಷ್ಟರಲ್ಲಿ ತರಕಾರಿಯವನು ಮುಂದಿನ ಗಿರಾಕಿಗೆ ತೂಗಿಬಿಟ್ಟಿರುತ್ತಿದ್ದ. ವಸಂತ ಮಾತ್ರ “ಬಟಾಟಾ!” ಎಂದು ಗರ್ಜಿಸಿ ಎರಡು ಕಿಲೋ ಆಲೂಗಡ್ಡೆ ತಂದ. ನಾವು ಆಡುವ ಬಟಾಟೆ, ಚಾವಿ, ಮೇಜು, ಸಾಬೂನು, ಪಗಾರ, ಬಾಲ್ದಿ, ಎಲ್ಲ ಈ ಜನ ಗೋವಾದಲ್ಲಿ ಇಳಿಸಿ ಹೋದ ಸಾಮಾನುಗಳು. ಹಾಗೆ ನೋಡಿದರೆ ನಮ್ಮ ಮೆಣಸಿನಕಾಯಿಯೂ ಅವರ ಹಡಗಿನಲ್ಲೇ ಬಂದದ್ದು. ಇವರು ಬರದಿದ್ದರೆ ವಡಾ ಇಲ್ಲ, ಪಾವ್ ಇಲ್ಲ, ಅದನ್ನು ತಿಂದು ಖಾರ ಖಾರ ಮಾತಾಡುವ ಪುಣೇಕರರೂ ಇರುತ್ತಿರಲಿಲ್ಲ. ಅವರು ಮಾತ್ರ ಬರುವ ಮುಂಚೆ ಚೆಕ್‌ಲಿಸ್ಟ್ ಹಿಡಿದು ನಮ್ಮನ್ನು ಪರೀಕ್ಷಿಸಲಿಲ್ಲ. ಬಂದರು, ಕೂತರು, ನಾಲ್ಕೂವರೆ ಶತಮಾನ ಏಳಲಿಲ್ಲ.

ವಸಂತನ ಚೆಕ್‌ಲಿಸ್ಟಿನಲ್ಲಿ ನಲವತ್ತು ಬಾಬತ್ತು. ನಳದ ನೀರಿನ ರಭಸ, ಬಸ್ಸಿನ ಸಮಯಪಾಲನೆ, ಫುಟ್‌ಪಾತು, ಕಸದ ಡಬ್ಬಿ, ಜನರ ಸ್ವಭಾವ. ಎಲ್ಲಕ್ಕೂ ಹತ್ತರಲ್ಲಿ ಅಂಕ. ಪುಣೆಯಲ್ಲಿ ಸಿಗ್ನಲ್ ಕೆಂಪಿದ್ದಾಗ ಸ್ಕೂಟರನ್ನು ಫುಟ್‌ಪಾತಿನ ಮೇಲೆ ಹತ್ತಿಸಿಕೊಂಡು ಹೋಗುವ ನನ್ನ ತಮ್ಮ ಇಲ್ಲಿ ಫುಟ್‌ಪಾತಿನ ಕಲ್ಲು ಎರಡು ಮಿಲಿಮೀಟರ್ ಏರುಪೇರಾಗಿದೆ ಎಂದು ಬಗ್ಗಿ ನೋಡಿ ಅರ್ಧ ಅಂಕ ಕಡಿದ. ಬಸ್ಸು ನಾಲ್ಕು ನಿಮಿಷ ತಡವಾದರೆ ವಾಚು ನೋಡಿ ಹುಬ್ಬೇರಿಸಿದ. ನಮ್ಮ ಕಾತ್ರಜದ ಬಸ್ಸಿಗೆ ಅವನು ಯಾವತ್ತೂ ವಾಚು ನೋಡಿದವನಲ್ಲ, ಕ್ಯಾಲೆಂಡರ್ ನೋಡಿದವನು. ಹೀಗಿದ್ದೂ ಮೊದಲ ಎರಡು ವಾರ ಪೋರ್ಚುಗಲ್‌ಗೆ ಹತ್ತಕ್ಕೆ ಎಂಟು, ಒಂಬತ್ತು ಬೀಳುತ್ತಲೇ ಇದ್ದವು. ‘ಆಹಾರ’ ಎಂಬ ಬಾಬತ್ತಿಗಂತೂ ಒಂಬತ್ತೂವರೆ.

“ಈ ದೇಶದ ಅನ್ನ ಭಾಳ ಹಿಡಸ್ತು ನೋಡಕ್ಕಾ,” ಅಂದ, ಶೇಂಗಾ ಚಟ್ನಿಗೆ ಎಣ್ಣೆ ಹಾಕಿಕೊಳ್ಳುತ್ತ.

ಹದಿನೇಳನೆಯ ದಿನ ಸುನಂದಾ ಖಾಲಿ ಡಬ್ಬಿ ತಂದು ಮೇಜಿನ ಮೇಲಿಟ್ಟಳು. “ಅಕ್ಕಾರ, ರೊಟ್ಟಿ ಮುಗದೂವು.”

ಆ ಮಧ್ಯಾಹ್ನದಿಂದ ಒಂದು ದೇಶ ಕುಸಿಯುವುದನ್ನು ನಾನು ಕಣ್ಣಾರೆ ಕಂಡೆ. ಅದೇ ನಳ, ಅದೇ ನೀರು. ರಭಸ ಒಂಬತ್ತರಿಂದ ಐದಕ್ಕೆ ಇಳಿಯಿತು. ಜನರ ಸ್ವಭಾವ ಎಂಟರಿಂದ ಮೂರು, ಅವರು ಹಿಂದಿನ ದಿನದಷ್ಟೇ ನಗುತ್ತಿದ್ದರೂ. ಇಳಿಜಾರಿನ ಬೀದಿಗಳು ನಿನ್ನೆ ರಮ್ಯವಾಗಿದ್ದವು, ಇಂದು ಮೊಣಕಾಲಿಗೆ ಅಪಾಯ. ಇಪ್ಪತ್ತನೆಯ ದಿನ ವಸಂತ ಇಡೀ ಯುರೋಪಿಗೆ ಸಂಸ್ಕೃತಿ ಇಲ್ಲ ಅಂದ.

“ವಸ್ಯಾ, ನಿಮ್ಮ ಫ್ಯಾಕ್ಟರಿಯೊಳಗ ಅಳತಿ ಗೇಜ್ ಕೆಟ್ಟರ ಮಾಲಿಗೆ ಕೆಂಪ ಚೀಟಿ ಅಂಟಸ್ತಿದ್ರೇನು?” ಅಂದೆ.

“ಛೇ, ಮೊದಲ ಗೇಜ್ ಕ್ಯಾಲಿಬ್ರೇಟ್ ಮಾಡಿ ಸರಿ ಮಾಡ್ತಿದ್ವಿ.”

“ಹಂಗಾರ ನಿನ್ನ ಗೇಜ್ ಹೊಟ್ಟಿಯೊಳಗ ಅದ. ಮೊದಲ ಅದನ್ನ ನೋಡ್ಕೋ.”

ಸುನಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವಸಂತ ನನ್ನ ಮಾತಿಗೂ ಎರಡು ಅಂಕ ಕಡಿದಿರಬೇಕು.

ಈಗ ಎರಡನೆಯ ಕನ್ಫೆಶನ್. ನಾನು ಅವರ ಜೊತೆ ರೊಟ್ಟಿ ತಿಂದೆ ನಿಜ. ಆದರೆ ಎರಡನೆಯ ದಿನದಿಂದಲೇ ಬೆಳಗ್ಗೆ ವಾಕಿಂಗ್ ಅಂತ ಹೇಳಿ ಮೂರು ಮಹಡಿ ಇಳಿದು, ಕೆಳಗಿನ ಬೇಕರಿಗೆ ಹೋಗುತ್ತಿದ್ದೆ. ಅಲ್ಲಿ ನಿಂತುಕೊಂಡೇ ಒಂದು ಕಾಫಿ, ಒಂದು ಬಿಸಿ ಬ್ರೆಡ್ಡು, ಮತ್ತು ಮೊಟ್ಟೆಯ ಕಸ್ಟರ್ಡ್ ತುಂಬಿದ ಒಂದು ಪುಟ್ಟ ಗರಿಗರಿ ಬಟ್ಟಲು, ಅವರು ನಾತಾ ಅನ್ನುವುದು. ಹೌದು, ಮೊಟ್ಟೆ. ನಮ್ಮ ಮನೆಯ ಹೊಸ್ತಿಲನ್ನು ಅದು ಇವತ್ತಿಗೂ ದಾಟಿಲ್ಲ. ಹತ್ತನೆಯ ವಯಸ್ಸಿನಲ್ಲಿ ಗೋವೆಯ ಸಿಸ್ಟರ್ ಫಿಲೋಮಿನಾ ಕ್ರಿಸ್‌ಮಸ್ಸಿಗೆ ಒಂದು ತುಂಡು ಕೇಕು ಕೊಟ್ಟಿದ್ದರು. ಮನೆಗೆ ಬಂದು ಬಾಯಿ ಮೂರು ಸಲ ತೊಳೆದುಕೊಂಡಿದ್ದೆ, ರುಚಿ ಹೋಗಿರಲಿಲ್ಲ. ಅರವತ್ತಮೂರು ವರ್ಷದ ನಂತರ ಅದೇ ರುಚಿ ಪೋರ್ಟೊದ ಒಂದು ಕೌಂಟರಿನ ಮೇಲೆ ನನಗಾಗಿ ಕಾಯುತ್ತಿತ್ತು. ಟ್ರೇನ್ ಬಂದಿದೆ ಅನಿಸಿತು. ಕಣ್ಣಲ್ಲಿ ನೀರು ಬಂದದ್ದಕ್ಕೆ ಕಾಫಿ ಬಿಸಿಯಿತ್ತು ಎಂಬ ಕಾರಣ ಕೊಟ್ಟುಕೊಂಡೆ.

ಹೊರಡುವ ಹಿಂದಿನ ದಿನ ದೋನಾ ಲುರ್ದೆಸ್ ಕಿಟಕಿ ಬಿಟ್ಟು ಕೆಳಗಿಳಿದು ಬಂದಳು. ಬೇಕರಿಯ ಯಜಮಾನಿ ಎರಡು ವರ್ಷ ಲಂಡನ್ನಿನಲ್ಲಿ ದುಡಿದವಳಾದ್ದರಿಂದ ಮಾತು ಅವಳ ಮೂಲಕ ಇಂಗ್ಲಿಷಿನಲ್ಲಿ ನಡೆಯಿತು. ವಸಂತ ಫೈಲು ಹಿಡಿದುಕೊಂಡು ನಿಂತಿದ್ದ, ಸುನಂದಾ ಪಕ್ಕದಲ್ಲಿ.

“ಇವರು ಇಲ್ಲಿ ನೆಲೆಸುವುದಕ್ಕೆ ನೋಡಲು ಬಂದವರೇ ಅಂತ ಕೇಳುತ್ತಾಳೆ.”

ಹೌದು ಅಂದೆ.

ಮುದುಕಿ ಬಹಳ ಹೊತ್ತು ಮಾತಾಡಿದಳು. ಬೇಕರಿಯವಳು ಮುಜುಗರದಿಂದ ಕೈ ಒರೆಸಿಕೊಂಡು ಹೇಳಿದಳು: “ಗಂಡ ಹೆಂಡತಿ ಒಳ್ಳೆಯವರೇ ಅಂತೆ, ಆದರೆ ಇಪ್ಪತ್ನಾಲ್ಕು ದಿನದಲ್ಲಿ ಒಂದು ದಿನವೂ ಈ ಬೀದಿಯ ಬ್ರೆಡ್ಡು ಕೊಳ್ಳಲಿಲ್ಲವಂತೆ. ಇಲ್ಲಿ ಅವರಿಗೆ ಕಷ್ಟ. ದಿನಾ ಬೆಳಗ್ಗೆ ಬರುವ ಈ ಎತ್ತರದ ಹೆಂಗಸು ಬೇಕಾದರೆ ಬರಬಹುದಂತೆ. ತನ್ನ ಮನೆಯ ಹಿಂದಿನ ಕೋಣೆ ಖಾಲಿಯಿದೆ ಅಂತ ಹೇಳುತ್ತಾಳೆ.”

ನಾನು ಅದನ್ನು ಕನ್ನಡಕ್ಕೆ ತರುವ ಮೊದಲು ಸ್ವಲ್ಪ ಯೋಚಿಸಿದೆ, ಆಮೇಲೆ ಒಂದಕ್ಷರ ಬಿಡದೆ ತಂದೆ. ನನ್ನ ಇಂಗ್ಲಿಷು ಆ ಪ್ರವಾಸದಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಜೀವಮಾನವಿಡೀ ಕೆಂಪು ಚೀಟಿ ಅಂಟಿಸಿದ ನನ್ನ ತಮ್ಮ, ಮೊದಲ ಸಲ ಅದನ್ನು ಹಣೆಯ ಮೇಲೆ ಅಂಟಿಸಿಕೊಂಡು ನಿಂತಿದ್ದ.

“ದಿನಾ ಬೆಳಿಗ್ಗೆ?” ಅಂದಳು ಸುನಂದಾ ನನ್ನ ಕಡೆ ತಿರುಗಿ. “ಅಕ್ಕಾರ, ವಾಕಿಂಗ್ ಅಂತಿದ್ರಿ!”

“ಮೂರು ಮಹಡಿ ಇಳಿದು ಹತ್ತೂದು ವಾಕಿಂಗ್ ಅಲ್ಲೇನು?” ಅಂದೆ. ಮೊಟ್ಟೆಯ ವಿಷಯ ಹೇಳಲಿಲ್ಲ. ಈ ಪ್ರಬಂಧ ಅಚ್ಚಾದರೆ ಗೊತ್ತಾಗುತ್ತದೆ.

ಪುಣೆಗೆ ವಾಪಸ್ಸಾದ ವಾರದಲ್ಲೇ ವಸಂತ ಪೋರ್ಚುಗಲ್‌ಗೆ ಕೆಂಪು ಚೀಟಿ ಅಂಟಿಸಿ, ಫಾರ್ಮು ತೆಗೆದು, ಹೊಸ ಫ್ಲ್ಯಾಟಿನ ಚೌಕದಲ್ಲಿ ಗುರುತು ಹಾಕಿ ಸಹಿ ಮಾಡಿ ನನ್ನ ಮುಂದಿಟ್ಟ. ಪೆನ್ನು ಕೊಟ್ಟ. ಆಮೇಲೆ, ಯಾಕೋ ಏನೋ, ಪೆನ್ನನ್ನು ವಾಪಸ್ ತೆಗೆದುಕೊಂಡ.

“ನಿನ್ನನ್ನ ಕೇಳೇ ಇಲ್ಲಲ್ಲ ಅಕ್ಕಾ. ನಿನಗ ಹೆಂಗ ಅನಸ್ತು ಆ ದೇಶ?”

ಎಪ್ಪತ್ತಮೂರು ವರ್ಷದಲ್ಲಿ ನನ್ನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಯಾವ ದೇಶದ ಬಗ್ಗೆಯೂ. ಉತ್ತರ ನಾಲ್ಕು ಪಾಸ್‌ಪೋರ್ಟಿನಷ್ಟು ಹಳೆಯದು. “ನನಗ ಹಿಡಸ್ತು,” ಅಂದೆ. ಕಿಟಕಿಯ ಹೊರಗೆ ಬೆಳಗಾವಿಯ ಬಸ್ಸೊಂದು ಹಾರ್ನ್ ಹೊಡೆಯುತ್ತ ನಿಂತಿತ್ತು.

ಸಹಿ ಹಾಕಿದೆ, ಹೊಸ ಫ್ಲ್ಯಾಟಿಗೇ. ವೇಟಿಂಗ್ ರೂಮನ್ನು ಮಾರಿಬಿಟ್ಟರೆ ಟ್ರೇನ್ ತಪ್ಪಿದಾಗ ಕೂರುವುದೆಲ್ಲಿ? ಆದರೆ ಕಟ್ಟಡ ಏಳುವ ತನಕ ಎಲ್ಲರೂ ಬೇರೆ ಎಲ್ಲಾದರೂ ಇರಲೇಬೇಕು ತಾನೆ. ವಸಂತ, ಸುನಂದಾ ಪಕ್ಕದ ಬಡಾವಣೆಯಲ್ಲಿ ಬಾಡಿಗೆ ಮನೆ ನೋಡಿದ್ದಾರೆ. ನಾನು ದೋನಾ ಲುರ್ದೆಸ್‌ಳ ಆ ಹಿಂದಿನ ಕೋಣೆಗೆ ಬರುತ್ತೇನೆಂದು ಬೇಕರಿಯ ವಿಳಾಸಕ್ಕೆ ಕಾಗದ ಬರೆದಿದ್ದೇನೆ. ಅಪ್ಪನ ಟ್ರಂಕು ಖಾಲಿ ಮಾಡಿ ಒರೆಸಿಟ್ಟಿದ್ದೇನೆ. ಸುನಂದಾ ರೊಟ್ಟಿ ಬಡಿಯಲು ಕೂತಿದ್ದಳು, ಇಪ್ಪತ್ತೈದಕ್ಕೆ ನಿಲ್ಲಿಸು ಅಂದೆ. ಅವು ದೋನಾ ಲುರ್ದೆಸ್‌ಗೆ. ಕಾತ್ರಜಕ್ಕೆ ಬಂದು ನೆಲೆಸುವ ಮನಸ್ಸಾದರೆ ಅವಳೂ ಮೊದಲು ರುಚಿ ನೋಡಬೇಕಲ್ಲ.

“ಎಷ್ಟ ದಿನಕ್ಕ ಹೋಗ್ತಿ?” ಎಂದು ವಸಂತ ಕೇಳಿದ.

“ಮೂರು ತಿಂಗಳ ವೀಸಾ. ನೋಡೂಣು, ಸರಿ ಬರಲಿಲ್ಲಂದ್ರ ವಾಪಸ್.”

ಅಪ್ಪನ ಆರು ತಿಂಗಳು ಮೂವತ್ತಾರು ವರ್ಷ ನಡೆಯಿತು. ಆ ಪ್ರಮಾಣದಲ್ಲಿ ನನ್ನ ಮೂರು ತಿಂಗಳಿಗೆ ಹದಿನೆಂಟು ವರ್ಷ ಸಾಕು. ತೊಂಬತ್ತೊಂದನೆಯ ವಯಸ್ಸಿಗೆ ಸರಿಯಾಗಿ ವಾಪಸ್ ಬಂದುಬಿಡುತ್ತೇನೆ. ಅಷ್ಟರಲ್ಲಿ ಬಿಲ್ಡರನೂ ಲಿಫ್ಟು ಕೂಡಿಸಿರುತ್ತಾನೆ, ಬಹುಶಃ.