ಬೋಗಾದಿಯ ಬಂಗಲೆ ಮಾರಾಟಕ್ಕಿತ್ತು

ನಮ್ಮ ಅಪ್ಪ ಮನೆ ಮಾರಲು ಹೊರಟಾಗ ಪತ್ರಿಕೆಯ ಜಾಹೀರಾತನ್ನು ಬರೆಯುವುದಕ್ಕೇ ಒಂದು ವಾರ ತೆಗೆದುಕೊಂಡರು. ಬರೆದರು, ಹರಿದರು, ಮತ್ತೆ ಬರೆದರು. ಕೊನೆಗೆ ಅಚ್ಚಾದದ್ದು ಇಷ್ಟು: "ಬೋಗಾದಿ ಗ್ರಾಮದಲ್ಲಿ ಪುರಾತನ ಬಂಗಲೆ, ವಿಶಾಲ ಉದ್ಯಾನ ಸಮೇತ. ಅಭಿರುಚಿಯುಳ್ಳ ಅರ್ಹರು ಮಾತ್ರ ಬರಬಹುದು." ಮಾರಾಟಕ್ಕಿದೆ ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಬೆಲೆಯ ಸುದ್ದಿಯಂತೂ ಇಲ್ಲವೇ ಇಲ್ಲ. ಅದನ್ನು ಓದಿಕೊಂಡು ಮೊದಲು ಬಂದ ಇಬ್ಬರು ಯಾವುದೋ ಸಂಗೀತ ಕಚೇರಿ ಇರಬೇಕೆಂದು ಸಂಜೆಯ ಹೊತ್ತಿಗೆ ಶಾಲು ಹೊದ್ದು ಬಂದಿದ್ದರು. ಪಾಪ, ಕಾಫಿ ಕುಡಿದು ಹೋದರು.

ಅಪ್ಪ ಅರಮನೆಯ ಉಗ್ರಾಣದಲ್ಲಿ ಅಧಿಕಾರಿಯಾಗಿದ್ದವರು. ಸಂಸ್ಥಾನ ಹೋಗಿ ಸರ್ಕಾರ ಬಂದ ಮೇಲೆ ಅಲ್ಲಿಯ ಕೆಲಸಗಳು ಒಂದೊಂದಾಗಿ ಕರಗಿದವು, ಅಪ್ಪನದೂ ಕರಗಿತು. ಜರಿಪೇಟ, ಉದ್ದನೆಯ ಕೋಟು ಮತ್ತು ಗತ್ತು ಮಾತ್ರ ಉಳಿದವು. ಆ ಗತ್ತಿಗೆ ಸರಿಯಾಗಿ ಒಂದು ಮನೆಯೂ ಇತ್ತು. ಯಾವ ಕಾಲದಲ್ಲೋ ಒಬ್ಬ ಇಂಗ್ಲಿಷ್ ದೊರೆ ಕಟ್ಟಿಸಿದ್ದನ್ನು ನಮ್ಮ ತಾತ ಕೊಂಡಿದ್ದರು. ಎತ್ತರದ ಹೆಂಚಿನ ಮಾಡು, ಸುತ್ತ ಜಗಲಿ, ಅಂಗಳದಲ್ಲಿ ನೀರನ್ನೇ ಕಾಣದ ಕಲ್ಲಿನ ಕಾರಂಜಿ. ನಡುಮನೆಯ ಗೋಡೆಯಲ್ಲಿ ಚಳಿ ಕಾಯಿಸಿಕೊಳ್ಳಲು ಒಂದು ದೊಡ್ಡ ಬೆಂಕಿಗೂಡು ಬೇರೆ. ಬೋಗಾದಿಯಲ್ಲಿ ಬೆಂಕಿ ಕಾಯಿಸುವಷ್ಟು ಚಳಿ ಯಾವ ಪುಣ್ಯಾತ್ಮನಿಗೆ ಆಗಿತ್ತೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅವ್ವ ಅದರೊಳಗೆ ಕುಂಬಳಕಾಯಿ ಜೋಡಿಸಿಡುತ್ತಿದ್ದಳು.

ಅಪ್ಪನ ಹೆಮ್ಮೆಯೆಲ್ಲ ತೋಟದ್ದು. ಬಂದವರೆದುರು "ನನ್ನ ಗುಲಾಬಿ", "ನನ್ನ ಮಲ್ಲಿಗೆ" ಎನ್ನುತ್ತಿದ್ದರು. ನಾನು ಚಿಕ್ಕವಳಿದ್ದಾಗಲೇ, ಅರಮನೆಯ ಕೆಲಸಗಳು ಕರಗತೊಡಗಿದ ವರ್ಷ, ಸಂಬಳ ಕೊಡಲಾಗದೆ ಮಾಲಿಯನ್ನು ಬಿಡಿಸಿದ್ದರು. ಅಂದಿನಿಂದ ಮಣ್ಣು ಅಗೆದು, ಗೊಬ್ಬರ ಹಾಕಿ, ಬಾವಿಯಿಂದ ನೀರು ಸೇದಿ ಹೊಯ್ಯುತ್ತಿದ್ದವಳು ಅವ್ವ. ದೊರೆಯ ಹುಲ್ಲುಹಾಸು ಒಣಗಿದ ಕಡೆ ಹೀರೆ, ಪಡವಲ ಹಬ್ಬಿಸಿದಳು. ಕಾರಂಜಿಯ ಸುತ್ತ ಮಲ್ಲಿಗೆ ಹಾಕಿದಳು. ಬಾವಿಯ ಪಕ್ಕ ವೀಳ್ಯದೆಲೆಯ ಬಳ್ಳಿ ಎದ್ದಿತು. ಅಪ್ಪ ಬೆತ್ತದ ಕುರ್ಚಿಯಲ್ಲಿ ಕುಳಿತು "ಸ್ವಲ್ಪ ಎಡಕ್ಕೆ" ಎನ್ನುತ್ತಿದ್ದರು. ಅವ್ವ "ಹೂಂ" ಎಂದು ತನಗೆ ತೋಚಿದ ಕಡೆ ನೆಡುತ್ತಿದ್ದಳು. ಇಬ್ಬರಿಗೂ ಸಮಾಧಾನವಾಗಿತ್ತು.

ನನ್ನ ಓದು ಈ ಮನೆಗೆ ಗಂಟುಬಿದ್ದದ್ದು ಹೇಗೆಂದು ಹೇಳಿಬಿಡಬೇಕು. ಕೆಲಸವಿದ್ದಷ್ಟು ದಿನ ಅಪ್ಪ ಜಟಕಾ ಗಾಡಿಯಲ್ಲಿ ಮೈಸೂರಿಗೆ ಹೋಗುತ್ತಿದ್ದರು. ಅದರಲ್ಲೇ ಕೂತು ನಾನು ಅಲ್ಲಿಯ ಹೈಸ್ಕೂಲಿಗೆ ಹೋಗಿಬರುತ್ತಿದ್ದೆ. ನಾನು ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೆ ಕೆಲಸವೂ ಹೋಯಿತು, ಜಟಕಾ ಕೂಡ ಹೋಯಿತು. ಪಾಸಾದೆ, ಅದೂ ಚೆನ್ನಾಗಿಯೇ. ಕಾಲೇಜಿಗೆ ಸೇರಿಸಿ ಎಂದಾಗ ಅಪ್ಪ, "ವಯಸ್ಸಿಗೆ ಬಂದ ಹುಡುಗಿ ಹೊಲದ ದಾರಿಯಲ್ಲಿ ಒಬ್ಬಳೇ ನಡೆದು ಹೋಗೋದು ಆಗದ ಮಾತು. ಈ ಮನೆ ಮಾರಿ ಮೈಸೂರಿನ ನಜರ್‌ಬಾದ್‌ನಲ್ಲಿ ಮನೆ ಮಾಡ್ತೀನಿ. ಆಮೇಲೆ ಸೇರುವೆಯಂತೆ" ಎಂದರು. ನ್ಯಾಯವಾದ ಮಾತೇ. ಆದರೆ ಆಷಾಢ ಹುಟ್ಟಿದರೆ ಯಾರೂ ಮನೆ ಕೊಳ್ಳುವುದಿಲ್ಲ, ಯಾರೂ ಮನೆ ಬದಲಾಯಿಸುವುದಿಲ್ಲ. ಆಷಾಢ ಕಳೆಯುವ ಹೊತ್ತಿಗೆ ಕಾಲೇಜಿನ ಬಾಗಿಲು ಮುಚ್ಚಿರುತ್ತದೆ. ಆ ಮೇಲೆ ನನಗೆ ಉಳಿಯುವುದು ಮಂಡಕಳ್ಳಿಯ ಸೋದರತ್ತೆಯ ಮಗ.

ಅತ್ತೆ ಆ ಬೇಸಿಗೆಯಲ್ಲಿ ಎರಡು ಸಲ ಬಂದಳು. ನನ್ನನ್ನು ಕೂರಿಸಿ, ನಿಲ್ಲಿಸಿ, ಜಡೆ ಎತ್ತಿ ನೋಡಿದಳು. "ಮನೆ ಮಾರೋಗೋದು ಯಾವಾಗ್ಲೋ ಏನೋ. ಶ್ರಾವಣಕ್ಕೆ ಇವಳ ಅಕ್ಷತೆ ಮುಗಿಸ್ಬುಡಾನ ಬುಡು, ಅಣ್ಣ" ಎಂದಳು. ಅತ್ತೆಯ ಮಗನ ಮೇಲೆ ನನಗೆ ಯಾವ ದೂರೂ ಇರಲಿಲ್ಲ. ಒಳ್ಳೆಯ ಹುಡುಗ, ಗದ್ದೆಯಿದ್ದವನು, ಎತ್ತುಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದ. ನನಗೆ ಎತ್ತಾಗುವುದು ಬೇಕಿರಲಿಲ್ಲ, ಅಷ್ಟೆ. ರಾತ್ರಿ ಊಟ ಸೇರುತ್ತಿರಲಿಲ್ಲ. ಅಪ್ಪನ ಮೇಲೆ ಸಿಟ್ಟು ಬರುತ್ತಿತ್ತು. ಯಾಕೆಂದರೆ ಆ ಮನೆಯನ್ನು ಮಾರುವುದಕ್ಕೆ ಇದ್ದ ಒಂದೇ ಅಡ್ಡಿ ನಮ್ಮ ಅಪ್ಪ.

ಕೊಳ್ಳಲು ಬಂದವರನ್ನು ಅಪ್ಪ ಕೆಲಸಕ್ಕೆ ಅರ್ಜಿ ಹಾಕಿದವರಂತೆ ವಿಚಾರಿಸುತ್ತಿದ್ದರು. ಎದುರಿಗೆ ಕೂರಿಸಿಕೊಂಡು ಯಾವ ಊರು, ಯಾರ ಮಗ, ಗುಲಾಬಿಯ ರೆಂಬೆ ಸವರುವುದು ಯಾವ ತಿಂಗಳಲ್ಲಿ ಎಂದೆಲ್ಲ ಕೇಳುವರು. ಸವರುವ ತಿಂಗಳು ಅಪ್ಪನಿಗೂ ಗೊತ್ತಿರಲಿಲ್ಲ. ಹಿಂದಿನ ದಿನ ಅವ್ವನನ್ನು ಕೇಳಿ ತಿಳಿದುಕೊಂಡಿರುತ್ತಿದ್ದರು. ಕೊಳ್ಳಲೆಂದೇ ಮೊದಲು ಬಂದವರು ಒಬ್ಬ ಮರದ ವ್ಯಾಪಾರಿ. ಮನೆಯೊಳಕ್ಕೆ ಕಾಲಿಡದೆ ಹಿತ್ತಲಿಗೆ ಹೋಗಿ ಹಲಸಿನ ಮರವನ್ನು ತಬ್ಬಿ ನೋಡಿದರು. ಪ್ರೀತಿಯಿಂದಲ್ಲ, ಎಷ್ಟು ಹಲಗೆ ಬರುತ್ತದೆಂದು. ಅವರು ಅನರ್ಹರಾದರು. ಆಮೇಲೆ ಬಂದ ವಕೀಲರು, "ಈ ಬೆಂಕಿಗೂಡು ಒಡೆಸಿ ಅಲ್ಲಿ ಕಬೋರ್ಡ್ ಮಾಡಿಸಬಹುದಲ್ಲ?" ಎಂದರು. ಅಪ್ಪ ಒಳಗೆ ಕೇಳುವಂತೆ, "ತಾಂಬೂಲ ತರಲಿ" ಎಂದರು.

ತಾಂಬೂಲ ತರಲಿ ಎಂದರೆ ನೀವಿನ್ನು ಹೊರಡಬಹುದು ಎಂದು ಅರ್ಥ. ಅದು ಅರಮನೆಯಲ್ಲಿ ಕಲಿತ ರೀತಿ. ಅಲ್ಲಿ ಯಾರನ್ನೂ ಎದ್ದು ಹೋಗಿ ಎನ್ನುವುದಿಲ್ಲವಂತೆ, ವೀಳ್ಯ ಕೊಟ್ಟು ಕಳಿಸುತ್ತಾರಂತೆ. ಅವ್ವ ಬೆಳ್ಳಿ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಬಾಗಿಲಲ್ಲಿ ಕೊಡುವಳು. ಅಪ್ಪ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು, ತಟ್ಟೆಯ ಕಡೆ ನೋಡದೆ, ಬಂದವರ ಭುಜದ ಮೇಲಿಂದ ದೂರ ಎಲ್ಲೋ ನೋಡುತ್ತ ನೀಡುವರು. ಕೊಡುವವನು ತಟ್ಟೆ ನೋಡಿದರೆ ಜಿಪುಣನೆಂದು ತಿಳಿಯುತ್ತಾರಂತೆ. ಹೀಗೆ ದೂರ ನೋಡುತ್ತ ನೋಡುತ್ತ ಅಪ್ಪ ಆ ಬೇಸಿಗೆಯಲ್ಲಿ ಬಂದವರನ್ನೆಲ್ಲ ಸಾಗಹಾಕಿದರು. ಅವ್ವ ಏನೂ ಹೇಳಲಿಲ್ಲ. ಅವಳಿಗೂ ತೋಟ ಬಿಟ್ಟು ಹೋಗಲು ಇಷ್ಟವಿಲ್ಲ, ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದಾಳೆ ಎಂದುಕೊಂಡು ನಾನು ಅವಳ ಮೇಲೂ ಮುನಿಸಿಕೊಂಡೆ.

ಆಷಾಢ ಇನ್ನೇನು ಬಂತು ಎನ್ನುವಾಗ ಮೈಸೂರಿನ ಮಾರ್ಕೆಟ್ ಬಳಿ ಹೋಟೆಲು ಇಟ್ಟಿದ್ದ ಒಬ್ಬರು ಹೆಂಡತಿಯ ಜೊತೆ ಬಂದರು. ದಾರಿ ತೋರಿಸಲು ಬೋಗಾದಿಯ ಪಟೇಲರೂ ಬಂದು ಜಗಲಿಯಲ್ಲಿ ಕೂತರು. ಹೋಟೆಲಿನವರು ಕುರ್ಚಿಯ ತುದಿಯಲ್ಲಿ ಕೂತು, ಸುತ್ತು ಬಳಸದೆ, "ನನ್ ಕೈಲಿ ಇಷ್ಟಾಯ್ತದೆ ಸ್ವಾಮಿ" ಎಂದು ಬೆಲೆಯನ್ನು ಹೇಳಿಯೇಬಿಟ್ಟರು. ಒಳ್ಳೆಯ ಬೆಲೆಯೇ. ಅಪ್ಪ ಬೆಚ್ಚಿದವರಂತೆ ಕಾರಂಜಿಯ ಇತಿಹಾಸಕ್ಕೆ ಮಾತು ತಿರುಗಿಸಿದರು. ಅವರು ಅರ್ಧ ಗಂಟೆ ಕೇಳಿ, "ಅಲ್ಲಿ ಬಾಳೆ ಹಾಕುದ್ರೆ ಹೋಟ್ಲಿಗೆ ಎಲೆ ಆಯ್ತದೆ" ಎಂದರು.

ಅಷ್ಟರಲ್ಲಿ ಅವರ ಹೆಂಡತಿ ಅವ್ವನ ಹಿಂದೆ ತೋಟಕ್ಕೆ ಹೋಗಿದ್ದರು. ನಾನೂ ಹೋದೆ. ಆಕೆ ಸೆರಗು ಸಿಕ್ಕಿಸಿಕೊಂಡು ಮಲ್ಲಿಗೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಮಣ್ಣು ಹಿಸುಕಿ ನೋಡಿದರು.

"ಅಕ್ಕ, ಇದಕ್ಕೆ ದಿನಾ ನೀರು ಬೇಕಾ?"

"ದಿನಾ ಬ್ಯಾಡ. ಮೊಗ್ಗು ಬರೋ ಹೊತ್ತಲ್ಲಿ ಮಾತ್ರ ತಪ್ಪಿಸಬ್ಯಾಡಿ" ಎಂದಳು ಅವ್ವ. ಆಮೇಲೆ ಸುಮಾರು ಹೊತ್ತು ಒಂದೊಂದು ಗಿಡದ ಗುಣವನ್ನೂ ಆಕೆಗೆ ಹೇಳಿದಳು. ಗಂಡನ ಮನೆಗೆ ಮಗಳನ್ನು ಕಳಿಸುವಾಗ ಬೀಗಿತ್ತಿಗೆ ಹೇಳುತ್ತಾರಲ್ಲ, ಹಾಗೆ.

ಒಳಗಿನಿಂದ ಅಪ್ಪನ ದನಿ ಕೇಳಿಸಿತು: "ತಾಂಬೂಲ ತರಲಿ."

ಅವ್ವ ಕೈ ತೊಳೆದು ಅಡಿಗೆಮನೆಗೆ ಹೋದಳು. ಎಲೆ ಅಡಿಕೆ ಇಟ್ಟಳು. ಆಮೇಲೆ ಒಂದು ತೆಂಗಿನಕಾಯಿ ತೆಗೆದುಕೊಂಡು, ಜುಟ್ಟು ನೇರ ಮಾಡಿ, ಅರಿಸಿನ ಕುಂಕುಮ ಹಚ್ಚಿ ತಟ್ಟೆಯ ನಡುವೆ ಕೂರಿಸಿದಳು. ನಮ್ಮ ಕಡೆ ಬರಿಯ ಎಲೆ ಅಡಿಕೆ ಕೊಡುವುದು ಬಂದವರ ಮರ್ಯಾದೆಗೆ. ವ್ಯವಹಾರದ ಮಾತಿನ ಮೇಲೆ ತೆಂಗಿನಕಾಯಿ ಇಟ್ಟು ಕೊಟ್ಟರೆ ಮುಗಿಯಿತು. ಹೆಣ್ಣಾಗಲಿ, ಹೊಲವಾಗಲಿ, ಮನೆಯಾಗಲಿ ಕೊಟ್ಟ ಹಾಗೇ. ಕೊಟ್ಟ ಮೇಲೆ ಹಿಂದೆಗೆದವನ ಮುಖವನ್ನು ಊರಿನಲ್ಲಿ ಯಾರೂ ನೋಡುವುದಿಲ್ಲ.

"ಅವ್ವಾ, ಕಾಯಿ..." ಎಂದೆ.

"ನೀ ಸುಮ್ಕಿರು" ಎಂದಳು.

ಬೆಳ್ಳಿ ತಟ್ಟೆಯೇ ಭಾರವಾಗಿತ್ತು. ಅಪ್ಪನಿಗೆ ವ್ಯತ್ಯಾಸ ತಿಳಿಯಲಿಲ್ಲ. ಎಂದಿನಂತೆ ಎರಡು ಕೈಯಲ್ಲಿ ಹಿಡಿದು, ಹೋಟೆಲಿನವರ ಭುಜದ ಮೇಲಿಂದ ದೂರ ನೋಡುತ್ತ ಗಾಂಭೀರ್ಯದಿಂದ ನೀಡಿದರು. ಅವರು ದಡಕ್ಕನೆ ಎದ್ದು ನಿಂತರು. ಕಾಯಿಯನ್ನು ಕಣ್ಣಿಗೆ ಒತ್ತಿಕೊಂಡರು.

"ದೊಡ್ಡ ಮನ್ಸು ಸ್ವಾಮಿ ನಿಮ್ದು. ಒಂದ್ ಮಾತೂ ಚೌಕಾಸಿ ಮಾಡದೆ ಒಪ್ಕೊಂಡ್ಬುಟ್ರಿ!"

"ಒಳ್ಳೇದಾಯ್ತು ಬುಡಿ" ಎಂದರು ಜಗಲಿಯಿಂದ ಪಟೇಲರು. "ಮಾತು ಮುಗೀತು. ಆಷಾಢಕ್ಕೆ ಮುಂಚೆ ರಿಜಿಸ್ಟರ್ ಮಾಡ್ಸಿ."

ಅಪ್ಪ ತಮ್ಮ ಜೀವಮಾನದಲ್ಲಿ ಮೊದಲ ಸಲ ತಟ್ಟೆಯ ಕಡೆ ನೋಡಿದರು. ಆಮೇಲೆ ಬಾಗಿಲ ಕಡೆ ನೋಡಿದರು. ಅವ್ವ ನೆಲ ನೋಡುತ್ತಿದ್ದಳು. ಅಪ್ಪ ಪೇಟವನ್ನು ಸರಿಪಡಿಸಿಕೊಂಡು, ಗಂಟಲು ಸರಿ ಮಾಡಿಕೊಂಡು, "ಯೋಚನೆ ಮಾಡಿಯೇ ಕೊಟ್ಟಿದ್ದೇನೆ" ಎಂದರು.

ಅವರೆಲ್ಲ ಹೋದ ಮೇಲೆ ಒಳಗೆ ಬಂದರು. ನಾನು ಬಾಗಿಲ ಹಿಂದೆ ನಿಂತೆ.

"ಕಾಯಿ ಇಟ್ಟವರು ಯಾರು?"

"ನಾನೇಯ."

"ಯಾಕೆ?"

"ಆಷಾಢ ಬತ್ತಾ ಅದೆ" ಎಂದಳು ಅವ್ವ.

ಅಪ್ಪ ಕೂಗಾಡುತ್ತಾರೆಂದುಕೊಂಡೆ. ಕೂಗಾಡಲಿಲ್ಲ. ಬಾಗಿಲ ಹಿಂದಿದ್ದ ನನ್ನ ಕಡೆ ಒಮ್ಮೆ ನೋಡಿ, ಹೊರಗೆ ಹೋಗಿ ಬೆತ್ತದ ಕುರ್ಚಿಯಲ್ಲಿ ಕೂತರು. ದೀಪ ಹಚ್ಚುವ ಹೊತ್ತಿಗೆ ಅವರಿಗೆ ಹೋಟೆಲಿನವರ ಅಭಿರುಚಿಯ ಬಗ್ಗೆ ಒಳ್ಳೆಯ ಅಭಿಪ್ರಾಯ ಬಂದಿತ್ತು. ಮರುದಿನ ಪಟೇಲರೆದುರು, ಮನುಷ್ಯರನ್ನು ನೋಡಿದ ಕೂಡಲೇ ಅಳೆಯುವುದನ್ನು ಅರಮನೆ ತಮಗೆ ಕಲಿಸಿದೆ ಎಂದು ಹೇಳುತ್ತಿದ್ದರು.

ರಿಜಿಸ್ಟರ್ ಆಯಿತು. ನಜರ್‌ಬಾದ್‌ನಲ್ಲಿ ಸಾಲುಮನೆಯೊಂದು ಬಾಡಿಗೆಗೆ ಸಿಕ್ಕಿತು. ಅಂಗಳವೆಲ್ಲ ಕಲ್ಲುಚಪ್ಪಡಿ, ಒಂದು ತುಳಸಿ ಹಾಕುವಷ್ಟೂ ಮಣ್ಣಿರಲಿಲ್ಲ. ಹೊರಡುವ ಬೆಳಿಗ್ಗೆ ಎತ್ತಿನ ಗಾಡಿಗೆ ಸಾಮಾನು ಏರಿಸುತ್ತಿರುವಾಗ ಅವ್ವ ಇನ್ನೂ ಬಾವಿಯಿಂದ ನೀರು ಸೇದಿ ಹೊಯ್ಯುತ್ತಿದ್ದಳು. "ಇನ್ನು ಯಾಕವ್ವ? ಅವರ ತೋಟ ಅಲ್ವಾ?" ಎಂದೆ. "ಮಾರಿರೋದು ಗಿಡಕ್ಕೇನ್ ಗೊತ್ತು?" ಎಂದಳು.

ಗಾಡಿ ಊರು ದಾಟುವವರೆಗೆ ಅವ್ವ ಸರಿಯಾಗಿಯೇ ಇದ್ದಳು. ಅಪ್ಪ ಮುಂದೆ ಗಾಡಿಯವನಿಗೆ ಎತ್ತು ಹೊಡೆಯುವುದು ಹೇಗೆಂದು ಹೇಳಿಕೊಡುತ್ತಿದ್ದರು. ಹಿಂದೆ ಪಾತ್ರೆಗಳ ನಡುವೆ ನಾವಿಬ್ಬರು. ಅಲ್ಲಿ ಅವಳು ಅಳಲು ಶುರುಮಾಡಿದಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಅವಳನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ. ಹೆದರಿಕೆಯಾಯಿತು.

"ಅಷ್ಟು ಸಂಕಟ ಆಗೋದಾದ್ರೆ ಯಾಕೆ ಕಾಯಿ ಇಟ್ಟೆ ಅವ್ವಾ?"

"ಸಂಕಟ ಆಗದೆ ಇರ್ತದಾ? ಒಂದೊಂದು ಗಿಡಾನೂ ನನ್ ಕೈಲೇ ನೆಟ್ಟಿದ್ದು. ನಂದೂ ಅಂತ ಇದ್ದದ್ದು ಅದೊಂದೇ ಕಣಮ್ಮ. ನಿನಗೆ ಕೊಟ್ಬುಟ್ಟೆ." ಮೂಗು ಒರೆಸಿಕೊಂಡಳು. "ನೀನು ಓದು."

ಓದಿದೆ. ಮುಂದಿನ ವಾರವೇ ಕಾಲೇಜಿಗೆ ಸೇರಿದೆ. ನಾನು ಡಿಗ್ರಿ ಮುಗಿಸಿ ಮೇಷ್ಟರ ಕೆಲಸ ಹಿಡಿದ ಮೇಲೂ ಅಪ್ಪ ನಜರ್‌ಬಾದಿನ ತುಂಬ, ಸಿಕ್ಕವರನ್ನೆಲ್ಲ ನಿಲ್ಲಿಸಿ, ಮಗಳನ್ನು ಓದಿಸುವುದಕ್ಕಾಗಿ ನನ್ನ ಬಂಗಲೆಯನ್ನು, ನನ್ನ ತೋಟವನ್ನು ಮಾರಿಬಿಟ್ಟೆ ಎಂದು ಹೇಳುತ್ತಿದ್ದರು. ಕೇಳಿದವರ ಕಣ್ಣಲ್ಲಿ ನೀರು ಬರುತ್ತಿತ್ತು. ಅವ್ವ ಪಕ್ಕದಲ್ಲೇ ನಿಂತು "ಹೂಂ" ಎನ್ನುತ್ತಿದ್ದಳು.