ಕರೆಂಟ್ ಹೋಗದ ದಿನ ತಾವರಗೇರಾದಲ್ಲಿ

ಬೆಳಗಿನ ಏಳಕ್ಕೇ ಕೊಪ್ಪಳದ ಬಸ್ ನಿಲ್ದಾಣದಲ್ಲಿ ಹಾಜರಾಗಿದ್ದೆ. ಕೈಯಲ್ಲೊಂದು ಚೀಲ, ಅದರೊಳಗೆ ಪುಟ್ಟ ಮೈಕು, ನಾಲ್ಕು ಹಾಳೆ ಸಂಭಾಷಣೆ, ಗೆಳತಿ ಹಸೀನಾಳಿಗೆಂದು ಕಟ್ಟಿಕೊಂಡ ಶೇಂಗಾ ಹೋಳಿಗೆ. ಕುಷ್ಟಗಿ ಬಸ್ಸಿನ ಕಂಡಕ್ಟರ್ ಹೆಣ್ಣುಮಕ್ಕಳಿಗೆ ಕೊಡುವ ಶೂನ್ಯ ದರದ ಟಿಕೆಟ್ ಕೊಟ್ಟು, ಚೀಲದಿಂದ ಇಣುಕುತ್ತಿದ್ದ ಮೈಕನ್ನು ನೋಡಿ, ಎಲ್ಲಿಗೆ ಭಾಷಣಕ್ಕೆ ಹೊರಟಿದ್ದೀರಿ ಎಂದು ಕೇಳಿದ. ಕುಷ್ಟಗಿಗೆ ಎಂದೆ. ಐವತ್ತು ದಾಟಿದ ಗುಮಾಸ್ತೆಯೊಬ್ಬಳು ರಜೆ ಹಾಕಿ ಮೊಬೈಲ್ ಆಟದ ರಾಣಿಯ ಮಾತನ್ನು ರೆಕಾರ್ಡ್ ಮಾಡಲು ಹೊರಟಿದ್ದಾಳೆಂದು ಬಿಡಿಸಿ ಹೇಳುವುದಕ್ಕಿಂತ ಅದೇ ಸುಲಭವಾಗಿತ್ತು.

ಈ ಗೀಳು ಹತ್ತಿದ್ದು ಮೂರು ವರ್ಷದ ಹಿಂದೆ, ಕಾಲು ಮುರಿದುಕೊಂಡು ಮಲಗಿದ್ದಾಗ. ಮಾಯಾವಿಗಳು, ಬೆಂಕಿ ಉಗುಳುವ ಪ್ರಾಣಿಗಳು, ನೀರು ಬತ್ತಿದ ಒಂದು ರಾಜ್ಯ ಇರುವ ಆಟ ಅದು. ಎಲ್ಲೆಲ್ಲಿಯದೋ ಮಂದಿ ಒಟ್ಟಿಗೆ ಆಡುತ್ತ ಮಾತಾಡಿಕೊಳ್ಳಬಹುದು. ಅಲ್ಲಿ ನಾನಿಟ್ಟುಕೊಂಡ ಹೆಸರು ‘ಕೊಪ್ಪಳದಕ್ಕ’. ಒಂದು ಮಧ್ಯಾಹ್ನ ಗುಹೆಯೊಂದರ ಬಾಗಿಲಲ್ಲಿದ್ದಾಗ ಕಿವಿಯಲ್ಲಿ ನಮ್ಮ ಸೀಮೆಯ ದನಿಯೊಂದು ಕೇಳಿತು: “ಅಕ್ಕಾರ, ಒಳಗ ಹೋಗಬ್ಯಾಡ್ರಿ, ರಾಕ್ಷಸ ಅದಾನ.”

ಅದು ತಾವರಗೇರಾದ ಹಸೀನಾ, ಹಿಟ್ಟಿನ ಗಿರಣಿಯ ರಾಜಾಸಾಬನ ಹೆಂಡತಿ. ಆ ದನಿಯನ್ನು ನಾನು ಬಿಡಲಿಲ್ಲ. ಆಟದ ಲೋಕವನ್ನೇ ಹಿಡಿದು ನಾವು ನಮ್ಮದೇ ಒಂದು ಕಥೆ ಕಟ್ಟಿದೆವು. ನಾನು ಬರೆದೆ, ಅವಳು ಆ ರಾಜ್ಯದ ಬತ್ತುತ್ತಿರುವ ಹೊಳೆಯೇ ಆದ ಹೊಳೆರಾಣಿಗೆ ದನಿಯಾದಳು. ಶ್ರೀರಾಮನಗರದ ಗೆಳತಿಯೊಬ್ಬಳು ಚಿತ್ರ ಬಿಡಿಸಿದಳು; ಯಲಬುರ್ಗಾದ ದರ್ಜಿಯೊಬ್ಬರು ರಾಣಿಯ ನಿಲುವಂಗಿಯನ್ನೇ ಹೊಲಿದು ಫೋಟೊ ಕಳಿಸಿದರು. ಆಟದ ಗೆಳೆಯರಿಗೆ ಫೋನಿನಲ್ಲಿ ಕಂತು ಕಂತಾಗಿ ಕಳಿಸಿದೆವು, ಕೇಳುವವರೂ ಹುಟ್ಟಿಕೊಂಡರು. ತಾವರಗೇರಾದಲ್ಲಿ ಮಾತ್ರ ರಾಜಾಸಾಬನೊಬ್ಬನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನಗುತ್ತಾರೆಂದು ಅವಳಿಗೆ ಅಂಜಿಕೆ.

ಈಗ ಕೊನೆಯ ದೃಶ್ಯವೊಂದು ಬಾಕಿ. ಹಸೀನಾಳ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತ್ತು. ಮರುದಿನವೇ ಆಪರೇಷನ್ನಿಗೆಂದು ಹುಬ್ಬಳ್ಳಿಗೆ ಹೊರಡುವವಳು. ಆಮೇಲೆ ದನಿ ಮೊದಲಿನಂತೆ ಬರಬಹುದು, ಬಾರದಿರಲೂಬಹುದು ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ರಾಣಿಗೆ ಉಳಿದಿದ್ದು ಈ ಒಂದು ದಿನ.

ಕುಷ್ಟಗಿಯಲ್ಲಿ ಇಳಿದಾಗ ಒಂಬತ್ತಾಗಿತ್ತು. ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಚುರುಮುರಿ ಒಗ್ಗರಣೆ, ಎರಡು ಮಿರ್ಚಿ ತಿಂದೆ. ಮೂಗು ಕಣ್ಣು ಎರಡೂ ಸುರಿದವು. ತಾವರಗೇರಾದ ಬಸ್ಸು ಮುಕ್ಕಾಲು ಗಂಟೆ ಕಾಯಿಸಿತು. ದಾರಿಯುದ್ದಕ್ಕೂ ಕೊಯ್ದ ಜೋಳದ ಹೊಲ, ನಡುನಡುವೆ ದಾಳಿಂಬೆ ತೋಟ. ಶಿವರಾತ್ರಿ ಇನ್ನೂ ಮುಂದಿದ್ದರೂ ಕಿಟಕಿಯ ಸರಳು ಆಗಲೇ ಕಾದಿತ್ತು.

ನಮ್ಮ ರೆಕಾರ್ಡಿಂಗಿಗೆ ಒಂದು ಕಟ್ಟಳೆಯಿತ್ತು. ಗಿರಣಿಯ ಹಿಂದಿನ ಕೋಣೆಯಲ್ಲಿ ಹಗ್ಗ ಕಟ್ಟಿ ಸದ್ದು ತಡೆಯಲು ನಾಲ್ಕೂ ಕಡೆ ಹಳೆಬಟ್ಟೆಯ ದಪ್ಪ ಕೌದಿ ಇಳಿಬಿಡುವುದು, ಜೋಳದ ಚೀಲದ ಮೇಲೆ ಫೋನು ಇಡುವುದು, ಕರೆಂಟ್ ಹೋಗುವುದನ್ನೇ ಕಾಯುವುದು. ಊರೆಲ್ಲ ಕರೆಂಟ್ ಬರಲಿ ಎಂದು ಕೂತರೆ ನಾವಿಬ್ಬರು ಹೋಗಲಿ ಎಂದು ಕೂರುತ್ತಿದ್ದೆವು. ಹನ್ನೆರಡಕ್ಕೆ ಕರೆಂಟ್ ಹೋದರೆ ಗಿರಣಿ ಸುಮ್ಮನಾಗಿ ರಾಣಿ ಬಾಯಿ ತೆರೆಯುತ್ತಿದ್ದಳು.

ನಾನು ಗಿರಣಿ ಮುಟ್ಟಿದಾಗ ಹಸೀನಾ ಕೊರಳಿಗೆ ಸೆರಗು ಸುತ್ತಿಕೊಂಡಿದ್ದಳು. ದನಿ ತುಸು ಒಡೆದಿತ್ತು. ನಾವು ಕೌದಿ ಕಟ್ಟಿ ಕೂತೆವು. ಹನ್ನೆರಡಾಯಿತು, ಒಂದಾಯಿತು, ಗಿರಣಿ ಓಡುತ್ತಲೇ ಇತ್ತು. ರಾಜಾಸಾಬ ಮೈಯೆಲ್ಲ ಹಿಟ್ಟಾಗಿ ಬಂದು, ಮೊನ್ನೆ ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸಿದ್ದಾರೆ, ಇನ್ನು ಹಗಲು ಕರೆಂಟ್ ಹೋಗುವುದಿಲ್ಲವಂತೆ ಎಂದು ಹೇಳಿದ. ತಪ್ಪು ಮಾಡಿದವನ ಹಾಗೆ ನಿಂತಿದ್ದ. ಊರಿಗೆ ಒಳ್ಳೆಯದಾಗಲು ಇದೇ ದಿನ ಸಿಕ್ಕಿತೇ ಎಂದು ನನಗೆ ಸಿಟ್ಟು ಬಂತು.

ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡೆವು. ಅವಳು ರೊಟ್ಟಿ ಬಡಿಯುವ ಸದ್ದನ್ನೇ ಎರಡನೆಯ ಕಂತಿನಲ್ಲಿ ಕುದುರೆಯ ಓಟಕ್ಕೆ ಬಳಸಿದ್ದೆವು, ಒಬ್ಬರಿಗೂ ಗೊತ್ತಾಗಿರಲಿಲ್ಲ. ಅದನ್ನು ನೆನೆದು ನಕ್ಕೆವು. ಗಿರಣಿ ಸ್ವಲ್ಪ ಹೊತ್ತು ನಿಲ್ಲಿಸಬಾರದೇ ಎಂದು ಕೇಳಿದೆ. ರಾಜಾಸಾಬನ ಕೈಯಲ್ಲಿ ಅದು ಇರಲಿಲ್ಲ. ಅಲ್ಲಿ ಮನುಷ್ಯರ ಬದಲು ಡಬ್ಬಿ, ಬುಟ್ಟಿಗಳು ಸಾಲಿನಲ್ಲಿ ನಿಲ್ಲುತ್ತವೆ. ಪಾಳಿ ಹಚ್ಚಿದವರನ್ನು ಕೇಳದೆ ಗಿರಣಿ ನಿಲ್ಲಿಸುವಂತಿಲ್ಲ. ಅವತ್ತು ಹನ್ನೊಂದು ಡಬ್ಬಿ ಇದ್ದವು, ಅವುಗಳ ಒಡತಿಯರು ಕಟ್ಟೆಯ ಮೇಲೆ ಕೂತಿದ್ದರು.

ಹಸೀನಾ ಸಂಭಾಷಣೆಯ ಹಾಳೆಗಳನ್ನು ಕೈಗೆತ್ತಿಕೊಂಡಳು. ಬಿಡು, ರಾಣಿಯ ಮಾತಿಲ್ಲದ ಹಾಗೆ ನಾನೇ ಕೊನೆ ಬದಲಿಸಿ ಬರೆಯುತ್ತೇನೆ ಎಂದೆ. ಅವಳು ತಲೆಯಾಡಿಸಿ ಎದ್ದು ಹೊರಗೆ ಹೋದಳು. ನಾನೂ ಹಿಂದೆ ಹೋದೆ. ಮೊದಲ ಡಬ್ಬಿ ಬಸಮ್ಮ ಎಂಬ ಮುದುಕಿಯದು. ಅರ್ಧ ಗಂಟೆ ಗಿರಣಿ ನಿಲ್ಲಿಸಿದರೆ ನಡೆಯುತ್ತದೆಯೇ ಎಂದು ಹಸೀನಾ ಕೇಳಿದಳು. ಯಾಕೆ ಎಂದು ಬಸಮ್ಮ ಕೇಳಿದಾಗ ಮೂರು ವರ್ಷ ಮುಚ್ಚಿಟ್ಟಿದ್ದನ್ನೆಲ್ಲ ಹೇಳಿಬಿಟ್ಟಳು: ಆಟ, ರಾಣಿ, ಕೌದಿ, ನಾಳೆಯ ಹುಬ್ಬಳ್ಳಿ.

ಕಟ್ಟೆಯಲ್ಲಿ ಯಾರೂ ನಗಲಿಲ್ಲ. ಬಸಮ್ಮ ಎಲೆ ಉಗುಳಿ ಬಂದು, “ಹಂಗಾದ್ರ ಬಾಗಲಾ ತಗದ ಇಡವಾ, ನಾವೂ ಕೇಳ್ತೀವಿ. ನಮ್ಮ ಜ್ವಾಳ ಎಲ್ಲಿ ಓಡಿ ಹೊಕ್ಕಾವ?” ಎಂದಳು. ಉಳಿದ ಹತ್ತು ಜನರೂ ಹೂಂಗುಟ್ಟಿದರು. ರಾಜಾಸಾಬ ಸ್ವಿಚ್ ಆರಿಸಿದ.

ಕೌದಿಯ ಒಂದು ಬದಿ ಎತ್ತಿ ಕಟ್ಟಿದೆವು. ಹೆಂಗಸರು ಹೊಸ್ತಿಲ ಬಳಿ ಉಸಿರು ಬಿಗಿಹಿಡಿದು ಕೂತರು. ಹಸೀನಾ ಕಣ್ಣು ಮುಚ್ಚಿ ರಾಣಿಯ ಬೀಳ್ಕೊಡುಗೆಯ ಮಾತನ್ನು ಹೇಳಿದಳು: “ನಾನು ಬತ್ತಿದರೂ ನನ್ನ ದಾರಿ ಉಳಿದಿರುತ್ತದೆ. ಮಳೆ ಬಂದಾಗ ನೀರು ಈ ದಾರಿ ಹಿಡಿದೇ ಬರಲಿ.” ಗಂಟಿನ ಸುದ್ದಿ ತಿಳಿಯುವ ಎರಡು ತಿಂಗಳ ಮೊದಲೇ ನಾನು ಬರೆದ ಸಾಲು ಅದು. ಕೊನೆಯ ಪದದಲ್ಲಿ ಅವಳ ದನಿ ಬಿರಿಯಿತು. ಒಂದು ಸಾಲನ್ನು ಎಂಟು ಸಲ ಹೇಳಿಸಿ ಪೀಡಿಸುವ ನನಗೆ ಇನ್ನೊಮ್ಮೆ ಹೇಳು ಎನ್ನಲು ಬಾಯಿ ಬರಲಿಲ್ಲ. ಅಳು ಬಂತು, ಅತ್ತೆ.

ಬಸಮ್ಮನೇ ಮೊದಲು ಮಾತಾಡಿದಳು. “ಭಾಳ ಛಲೋ ಹೇಳ್ದಿ ಬಿಡವಾ. ಈಗ ನನ್ನ ಜ್ವಾಳ ಹಾಕು.”

ಗಿರಣಿ ಮತ್ತೆ ಹೊರಟಿತು. ಬೀಸುವ ಗದ್ದಲ ಮುಗಿದ ಮೇಲೆ ನನ್ನನ್ನು ನಿಲ್ದಾಣದವರೆಗೆ ಕಳಿಸಲು ಬಂದ ಹಸೀನಾ ದಾರಿಯಲ್ಲಿ ಕೇಳಿದಳು. “ಅಕ್ಕಾರ, ದನಿ ಬ್ಯಾರೆ ಆಗಿ ಬಂದ್ರ ರಾಣಿ ಯಾರು ಆಗ್ತಾರ್ರೀ?”

“ನೀನ ಆಗ್ತಿ. ಹೊಳಿ ತಿರುಗಿ ಬರೂಮುಂದ ರಾಣಿ ದನಿ ಬ್ಯಾರೆ ಆಗೈತಿ ಅಂತ ಬರೀತೀನಿ” ಎಂದೆ. ಅವಳು ನನ್ನ ಕೈ ಹಿಡಿದವಳು ಬಸ್ಸು ಬರುವವರೆಗೆ ಬಿಡಲಿಲ್ಲ.

ಕುಷ್ಟಗಿಯ ಬಸ್ಸು ತಪ್ಪಿದ್ದರಿಂದ ಕನಕಗಿರಿ, ಗಂಗಾವತಿ ಮೇಲೆ ವಾಪಸು ಹೊರಟೆ. ಕಿವಿಗೆ ತಂತಿ ಸಿಕ್ಕಿಸಿಕೊಂಡು ರೆಕಾರ್ಡಿಂಗ್ ಹಚ್ಚಿದೆ. ರಾಣಿಯ ಮಾತು ಮುಗಿಯಿತು, ಬಸಮ್ಮನ ಮಾತೂ ಬಂತು, ಆಮೇಲೂ ರೆಕಾರ್ಡಿಂಗ್ ನಿಲ್ಲಲಿಲ್ಲ. ಅಳುವ ಭರದಲ್ಲಿ ನಾನು ಅದನ್ನು ನಿಲ್ಲಿಸಲು ಮರೆತಿದ್ದೆ. ಬೆಲ್ಟು ಕಿರುಗುಟ್ಟಿತು, ಗಿರಣಿ ಗುಡುಗಿತು, ಅದರ ಮೇಲೆ ಹಸೀನಾಳ ದಿನನಿತ್ಯದ ದನಿ ಕೇಳಿತು: “ಯಾರ ಪಾಳಿ ಐತ್ರೀ? ಡಬ್ಬಿ ಮುಂದ ಸರಸ್ರಿ.”

ಮೂರು ವರ್ಷ ಎಲ್ಲಿ ಸಿಕ್ಕರೂ ಆ ಗಿರಣಿಯ ಸದ್ದನ್ನು ಕತ್ತರಿಸಿ ತೆಗೆದವಳು ನಾನು. ಕಿಟಕಿಯಾಚೆ ಒಣ ಹೊಲಗಳು ಮುಗಿದು ಕಾಲುವೆಯ ನೀರು, ಭತ್ತದ ಹಸಿರು ಶುರುವಾದವು. ಗಂಗಾವತಿ ಬರುವವರೆಗೆ ಹಸೀನಾಳ ಆ ಕೂಗೊಂದನ್ನೇ ತಿರುತಿರುಗಿ ಕೇಳಿದೆ. ರಾಣಿಯ ಮಾತನ್ನು ಎಲ್ಲರಿಗೂ ಕಳಿಸಿದ್ದೇನೆ. ಹಸೀನಾ ಪಾಳಿ ಕೂಗಿದ್ದನ್ನು ಮಾತ್ರ, ಗಿರಣಿಯ ಸದ್ದಿನ ಸಮೇತ, ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.